ಮಧ್ಯಾಹ್ನದ ಬಿಸಿಲಿಗೊಂದು ಸಂಪು

ನ್ಯೂ ಸೌತ್ ವೇಲ್ಸ್, ಆಗ್ನೇಯ ಕ್ವೀನ್ಸ್‌ಲ್ಯಾಂಡ್ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಮನೆಗಳಿಗೆ 2026ರ ಜುಲೈನಿಂದ ಹಗಲು ಹೊತ್ತಿನಲ್ಲಿ ದಿನಕ್ಕೆ ಮೂರು ತಾಸು ಕರೆಂಟು ಉಚಿತ ಎಂದು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಘೋಷಿಸಿತು. ಸ್ವಂತ ಸೋಲಾರ್ ಬೇಕಿಲ್ಲ, ಸ್ಮಾರ್ಟ್ ಮೀಟರ್ ಇದ್ದರೆ ಸಾಕು. 'ಪುಕ್ಕಟೆ ಕೊಟ್ಟರೆ ಕಂಪನಿಗಳು ಉಳಿಯುತ್ತವೆಯೇ?' ಎಂದು ಓದುಗರೊಬ್ಬರು ಕೇಳಿದ್ದಾರೆ.

ಉಳಿಯುತ್ತವೆ. ಅಲ್ಲಿ 40 ಲಕ್ಷಕ್ಕೂ ಹೆಚ್ಚು ಚಾವಣಿಗಳ ಮೇಲೆ ಸೋಲಾರ್ ಫಲಕಗಳಿವೆ. ಬಿಸಿಲೇರಿದಾಗ ಸಗಟು ದರ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು. ಮೆಗಾವಾಟ್-ಗಂಟೆಗೆ ಮೈನಸ್ 1,000 ಡಾಲರ್‌ವರೆಗೂ ಹೋಗಲು ನಿಯಮದಲ್ಲೇ ಅವಕಾಶವಿದೆ. ಸಂಜೆ ಅಭಾವ ಬಿದ್ದರೆ ಅದೇ ದರ 17,000 ಡಾಲರ್ ದಾಟಬಹುದು.

ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಬೆಂಗಳೂರಿನ ಬಡಾವಣೆಯನ್ನು ನೆನೆಯಿರಿ. ಸಂಪು ಇದ್ದವರು ತುಂಬಿಸಿಟ್ಟುಕೊಳ್ಳುತ್ತಾರೆ. ಇಲ್ಲದವರು ನೀರು ಬಂದ ಹೊತ್ತಿಗೇ ಬಟ್ಟೆ ಒಗೆದು ಪಾತ್ರೆ ಬೆಳಗಿ ಮುಗಿಸುತ್ತಾರೆ. ಬ್ಯಾಟರಿ ಎಂದರೆ ಆ ಸಂಪು. ಎರಡನೆಯವರು ಮಾಡಿದ್ದೇ ಬೇಡಿಕೆ ಹೊಂದಾಣಿಕೆ. ಸಂಪು ಕಟ್ಟಲು ಲಕ್ಷಗಟ್ಟಲೆ ಬೇಕು, ಬಟ್ಟೆ ಒಗೆಯುವ ಹೊತ್ತು ಬದಲಿಸಲು ಕಾಸೂ ಬೇಕಿಲ್ಲ. ಈ ಎರಡನೆಯ ದಾರಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದೇ ನನ್ನ ತಕರಾರು.

ಮೊದಲು ಸಂಪಿನ, ಅಂದರೆ ಬ್ಯಾಟರಿಯ ಮಾತು. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದೊಂದು ಚಾವಣಿಯ ಕೆಳಗೆ ನೂರಾರು ಫ್ಲ್ಯಾಟ್. ಅಷ್ಟು ಮನೆಗಳಿಗೆ ಸಾಲುವಷ್ಟು ಫಲಕ ಹಾಸಲು ಜಾಗವೆಲ್ಲಿ? ಅದರ ಅಂಚಿನ ಸ್ಪೆನ್ಸರ್ ಸ್ಟ್ರೀಟ್‌ನಲ್ಲಿ 1894ರಿಂದ 1982ರವರೆಗೆ ನಗರಸಭೆಯದೇ ವಿದ್ಯುತ್ ಸ್ಥಾವರ ನಡೆಯುತ್ತಿತ್ತು. ಮೆಲ್ಬರ್ನ್ ನಗರಸಭೆ ಈಗ ಮತ್ತೆ ವಿದ್ಯುತ್ತಿಗೆ ಕೈಹಾಕಿದೆ, ಈ ಸಲ ಬ್ಯಾಟರಿಯ ಮೂಲಕ. ಮೊದಲ ಮೂರು ಸಮುದಾಯ ಬ್ಯಾಟರಿಗಳಿಗೆಂದು 2022ರಲ್ಲಿ ಆರಿಸಿದ ತಾಣಗಳಲ್ಲಿ ಡಾಕ್‌ಲ್ಯಾಂಡ್ಸ್‌ನ ಗ್ರಂಥಾಲಯವೂ ಒಂದು. ಮೂರರ ಒಟ್ಟು ಸಾಮರ್ಥ್ಯ ಸುಮಾರು 1,100 ಯೂನಿಟ್. ದಿನಕ್ಕೆ ಹತ್ತು ಯೂನಿಟ್ ಬಳಸುವ 110 ಮನೆಗಳಿಗೆ ಒಂದು ದಿನಕ್ಕಾಗುವಷ್ಟು.

ಬ್ಯಾಟರಿ ಇಟ್ಟ ಮಾತ್ರಕ್ಕೆ ಪರಿಸರ ಉಳಿಯಿತು ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಲಿಥಿಯಂ ಬ್ಯಾಟರಿಗೆ ನೂರು ಯೂನಿಟ್ ತುಂಬಿದರೆ ಹತ್ತು-ಹದಿನೈದು ಸೋರಿಹೋಗುತ್ತದೆ. ವಿಕ್ಟೋರಿಯಾ ರಾಜ್ಯದ ಲಾಯ್ ಯಾಂಗ್, ಯಾಲೋರ್ನ್ ಸ್ಥಾವರಗಳು ಉರಿಸುವುದು ಕಂದು ಕಲ್ಲಿದ್ದಲನ್ನು. ರಾತ್ರಿ ಆ ಕರೆಂಟನ್ನು ತುಂಬಿಸಿಟ್ಟು ಬೆಳಿಗ್ಗೆ ಬಳಸಿದರೆ ಹೊಗೆ ಹೆಚ್ಚೇ ಆಗುತ್ತದೆ. ಮಧ್ಯಾಹ್ನ ಯಾರಿಗೂ ಬೇಡವಾದ ಬಿಸಿಲಿನ ಕರೆಂಟು ತುಂಬಿದರೆ ಮಾತ್ರ ಲಾಭ. ಹಣದ ಲೆಕ್ಕವೂ ಹೀಗೇ: ಅಗ್ಗದಲ್ಲಿ ಕೊಂಡು ದುಬಾರಿಗೆ ಮಾರುವ ಬ್ಯಾಟರಿಗಳು ಹೆಚ್ಚಿದಷ್ಟೂ ಆ ಎರಡು ದರಗಳ ಅಂತರ ಕುಗ್ಗುತ್ತದೆ. ಬಳಕೆದಾರರಿಗೆ ಅದು ಒಳ್ಳೆಯದೇ, ಹೂಡಿಕೆದಾರರಿಗೆ ತಲೆನೋವು.

ಆಸ್ಟ್ರೇಲಿಯನ್ನರ ಮನೆಗಳಲ್ಲಿ ಬ್ಯಾಟರಿಗಿಂತ ಹಳೆಯ ಸಂಪೊಂದಿದೆ: ಬಿಸಿನೀರಿನ ಹಂಡೆ. ತಂತಿಯ ಮೇಲೆಯೇ ಸಂಕೇತ ಕಳಿಸಿ, ರಾತ್ರಿ ಅಗ್ಗದ ದರದಲ್ಲಿ ಇಂಥ ಹಂಡೆಗಳನ್ನು ಕಾಯಿಸುವ ಪದ್ಧತಿ ಅಲ್ಲಿ ಹಲವು ದಶಕಗಳಿಂದ ಇದೆ. 250 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು ಹನ್ನೊಂದೂವರೆ ಯೂನಿಟ್ ಬೇಕು. ಟೆಸ್ಲಾದ ಗೋಡೆ ಬ್ಯಾಟರಿ ಹಿಡಿಯುವುದು 13.5 ಯೂನಿಟ್. ಅಂದರೆ ಮನೆಯಲ್ಲಿ ಈಗಾಗಲೇ ಇರುವ ಹಂಡೆ ದುಬಾರಿ ಬ್ಯಾಟರಿಗೆ ಹೆಚ್ಚುಕಡಿಮೆ ಸಮ! ಕಾಯಿಸುವ ಹೊತ್ತನ್ನು ಮಧ್ಯರಾತ್ರಿಯಿಂದ ಮಧ್ಯಾಹ್ನಕ್ಕೆ ತಂದರಾಯಿತು.

ನಮ್ಮ ಕರ್ನಾಟಕದಲ್ಲಿ ಆ ಪಾತ್ರ 30 ಲಕ್ಷಕ್ಕೂ ಹೆಚ್ಚಿರುವ ನೀರಾವರಿ ಪಂಪ್‌ಸೆಟ್‌ಗಳದ್ದು. ಪಾವಗಡದ ಸೋಲಾರ್ ಪಾರ್ಕಿಗೆ ಬಿಸಿಲಿರುವಾಗಲೇ ಅವಕ್ಕೆ ತ್ರೀಫೇಸ್ ಕೊಟ್ಟರೆ ರೈತ ನಡುರಾತ್ರಿ ಟಾರ್ಚ್ ಹಿಡಿದು ಹೊಲಕ್ಕೆ ಹೋಗುವುದೂ ತಪ್ಪುತ್ತದೆ. ಸಂಜೆಯ ದೀಪದ ಹೊತ್ತಿನ ಕೊರತೆ ಇದರಿಂದ ಪೂರ್ತಿ ನೀಗುವುದಿಲ್ಲ, ನಿಜ. ಆದರೆ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವಾಟ್‌ನ ಶರಾವತಿ ಭೂಗತ ಯೋಜನೆಗೆ, ಅಂದರೆ ನೀರನ್ನು ಮೇಲೆತ್ತಿ ಕರೆಂಟು ಕೂಡಿಡುವ ಇನ್ನೊಂದು ಸಂಪಿಗೆ, ಮರ ಕಡಿಯುವ ಮುನ್ನ, ಹೊತ್ತು ಬದಲಿಸಿಯೇ ಎಷ್ಟು ಮೆಗಾವಾಟ್ ಉಳಿಸಬಹುದೆಂಬ ಲೆಕ್ಕವನ್ನು ಸರ್ಕಾರ ಜನರ ಮುಂದಿಡಬೇಕು.