ಬಸುರಿಗೆ ಹೇಳುವ ಬುದ್ಧಿಮಾತು



ಮೇ 31ರಂದು ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಭೇಟಿ ಮಾಡಿದ ಹಬ್ಬವನ್ನು ಆಚರಿಸುತ್ತೇವೆ. ಬಸುರಿಯ ಮನೆಗೆ ಹೋದಾಗ ನಮ್ಮ ಬಾಯಿಗೆ ಮೊದಲು ಬರುವುದು ಬುದ್ಧಿಮಾತು. "ಪರಂಗಿ ಮುಟ್ಟಬೇಡಮ್ಮ" ಎನ್ನುತ್ತೇವೆ. ಹಾಗೆನ್ನುತ್ತಲೇ ಎಲೆಅಡಿಕೆ ತಟ್ಟೆಯನ್ನೂ ಹೊಗೆಸೊಪ್ಪಿನ ಚೂರನ್ನೂ ಮುಂದಿಡುತ್ತೇವೆ. ಇವುಗಳಲ್ಲಿ ನಿಜವಾದ ಅಪಾಯ ಯಾವುದು?

ನಾನು ವೈದ್ಯನಲ್ಲ. ಆದರೆ ಯಾವ ಮಾತನ್ನಾದರೂ ನಂಬುವ ಮೊದಲು ಮೂರು ಪ್ರಶ್ನೆ ಕೇಳಬಹುದು. ಪರೀಕ್ಷೆ ನಡೆದದ್ದು ಯಾರ ಮೇಲೆ? ಎಷ್ಟು ಜನರ ಮೇಲೆ? ಬಡತನ, ರಕ್ತಹೀನತೆಯಂಥ ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೇ?

ಪರಂಗಿಯ ವಿಷಯ ನೋಡಿ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಗಬ್ಬದ ಇಲಿಗಳಿಗೆ ಮಾಗಿದ ಹಣ್ಣಿನ ರಸದಿಂದ ತೊಂದರೆಯಾಗಲಿಲ್ಲ. ಕಾಯಿಯ ಹಾಲು ಮಾತ್ರ ಇಲಿಯ ಗರ್ಭಕೋಶವನ್ನು ಬಿಗಿಗೊಳಿಸಿತು. ಕಾಯಿಯನ್ನು ದೂರವಿಡುವುದು ಒಳ್ಳೆಯದೇ. ಆದರೂ ಇದು ಇಲಿಗಳಲ್ಲಿ ಕಂಡದ್ದು ಎಂಬುದನ್ನು ಮರೆಯಬಾರದು.

ತಂಬಾಕಿನ ಸಾಕ್ಷ್ಯ ಬೇರೆಯದೇ ತೂಕದ್ದು. ಮುಂಬಯಿಯಲ್ಲಿ ಸಂಶೋಧಕರು ಮನೆ ಮನೆಗೆ ಹೋಗಿ 1217 ಬಸುರಿಯರನ್ನು ಗುರುತಿಸಿ, ಹೆರಿಗೆಯವರೆಗೂ ವಿಚಾರಿಸಿಕೊಂಡರು. ವಯಸ್ಸು, ಓದು, ಬಡತನ, ರಕ್ತಹೀನತೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಈ ವರದಿ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚಿನವರು ಬಳಸುತ್ತಿದ್ದದ್ದು ಹುರಿದ ತಂಬಾಕಿನ ಪುಡಿ. ಹೊಗೆ ಸೇದದಿದ್ದರೂ ಹಾನಿ ತಪ್ಪಲಿಲ್ಲ.

ಹಾಗಾದರೆ ಬರೀ ಅಡಿಕೆ? ಸವಳಂಗ, ಚನ್ನಗಿರಿ ಸೀಮೆಯಲ್ಲಿ ಅಡಿಕೆಯಿಂದಲೇ ಅನ್ನ ಉಣ್ಣುವ ಮನೆಗಳಿವೆ; ಹೇಳುವುದು ಕಷ್ಟ, ಹೇಳದಿರುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ, ತಂಬಾಕು ಬೆರೆಸದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದಿದೆ.

ಕೊನೆಯದಾಗಿ ಒಂದು ಮಾತು. 105 ಗ್ರಾಂ ಎಂಬುದು ಸರಾಸರಿ. ನಿಮ್ಮ ಪಕ್ಕದ ಮನೆಯ ಕೂಸು ಏಕೆ ಸಣ್ಣದಾಗಿ ಹುಟ್ಟಿತು ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಬಾಣಂತಿಯ ಎದುರು ನಿಂತು "ಎಲ್ಲಾ ನಿನ್ನಿಂದಲೇ" ಎನ್ನಬೇಡಿ. ಅಂಥ ಮಾತಿಗೆ ಯಾವ ವಿಜ್ಞಾನದ ಆಧಾರವೂ ಇಲ್ಲ. ಅದರ ಬದಲು ಹೆರಿಗೆಗೆ ಮೊದಲೇ ಗಂಡ, ಅತ್ತೆ, ಮಾವ ಎಲ್ಲರೂ ತಂಬಾಕಿನ ಡಬ್ಬಿಯನ್ನು ಮನೆಯಿಂದ ಹೊರಗಿಡಿ. ಒಬ್ಬಳೇ ಬಿಡುವುದು ಕಷ್ಟ; ಮನೆಯವರೆಲ್ಲ ಬಿಟ್ಟರೆ ಅವಳಿಗೆ ಅದೇ ದೊಡ್ಡ ಬಲ.