ಹುಲ್ಲುಹಾಸಿನ ಅಡಿಯ ಮಣ್ಣು

ಖಾನಾಪುರದಲ್ಲಿಯೂ ಬೆಳಗಾವಿ ನಗರದ ಹಲವೆಡೆಯೂ ಕಾಣುವ ಜಂಬಿಟ್ಟಿಗೆ ಮಣ್ಣು, ಅಂದರೆ ದೀರ್ಘಕಾಲದ ಮಳೆಗೆ ಸುಣ್ಣ, ಪೊಟ್ಯಾಷ್‌ಗಳು ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳೇ ಹೆಚ್ಚಾಗಿ ಉಳಿದ ಕೆಂಪು ಮಣ್ಣು, ಸ್ವಭಾವತಃ ಆಮ್ಲೀಯವೂ ಸಾರಹೀನವೂ ಆಗಿರುತ್ತದೆ. ಮನೆ ಕಟ್ಟಿದ ಬಳಿಕ ಇಟ್ಟಿಗೆ, ಹೆಂಚು, ಗಾರೆಯ ಚೂರುಗಳನ್ನು ಅಂಗಳದಲ್ಲಿಯೇ ಹೂತುಬಿಟ್ಟರೆ, ಬೇರುಗಳು ಆಳಕ್ಕಿಳಿಯಲಾರದೆ ಬೇಸಿಗೆಯಲ್ಲಿ ಹುಲ್ಲು ಅಲ್ಲಲ್ಲಿ ಹಳದಿಯಾಗಿ ಒಣಗುತ್ತದೆ. ಗಾರೆಯಲ್ಲಿರುವ ಸುಣ್ಣವು ಸುತ್ತಲಿನ ಮಣ್ಣನ್ನು ಕ್ಷಾರೀಯಗೊಳಿಸುವುದರಿಂದ ಕಬ್ಬಿಣದಂತಹ ಪೋಷಕಾಂಶಗಳೂ ಸಸ್ಯಕ್ಕೆ ದಕ್ಕುವುದಿಲ್ಲ. ಆದ್ದರಿಂದ ಮುಂಗಾರಿಗೆ ಮುನ್ನ ಸುಮಾರು 20 ಸೆಂ.ಮೀ. ಆಳ ಅಗೆದು, ಚೂರುಗಳನ್ನು ಆರಿಸಿ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮಳೆನೀರು ನಿಲ್ಲದಂತೆ ತುಸು ಇಳಿಜಾರು ಮಾಡಿ, ಬರ ತಾಳಬಲ್ಲ ಗರಿಕೆಯನ್ನು ನೆಡುವುದು ಸೂಕ್ತ. ಹುಲ್ಲನ್ನು ಬದಲಿಸುವ ಮೊದಲು ಮಣ್ಣನ್ನು ಸರಿಪಡಿಸಬೇಕು.