ತೋಟದ ಮನೆಗೆ ಸೋಲಾರ್: ಎಷ್ಟು ದೊಡ್ಡದು ಬೇಕು?



ಸೇಲಂ, ಧರ್ಮಪುರಿ ಕಡೆ ಊರಿಗೆ ಕರೆಂಟು ಬಂದಿದ್ದರೂ, ದೂರದ ತೋಟದ ಮನೆಗೆ ಕಂಬ ನೆಡಿಸಿ ತಂತಿ ಎಳೆಸುವುದು ಎಲ್ಲರಿಂದಲೂ ಆಗುವ ಮಾತಲ್ಲ. ಅಂಥವರಿಗೆ ಸೋಲಾರ್ ಒಳ್ಳೆಯ ಆಸರೆ. ಆದರೆ ಅಂಗಡಿಗೆ ಹೋಗಿ "ಒಂದು ಸೆಟ್ಟು ಕೊಡಿ" ಎಂದು ತಂದರೆ ರಾತ್ರಿ ಎಂಟಕ್ಕೇ ದೀಪ ಆರೀತು. ಮಕ್ಕಳ ಓದು ನಿಂತೀತು. ಬ್ಯಾಟರಿಗೆ ಸುರಿದ ಹಣವೂ ಹೋದೀತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಇಲ್ಲಿ ಮಾತ್ರ ಮೊದಲು ಕಾಲನ್ನು ಅಳೆದು, ಆಮೇಲೆ ಹಾಸಿಗೆ ಕೊಳ್ಳಬೇಕು.

ಮನೆಯ ಖರ್ಚು

ಪ್ರತಿಯೊಂದು ಸಾಮಾನಿನ ಮೇಲೂ ವ್ಯಾಟ್ ಬರೆದಿರುತ್ತದೆ. ಅದನ್ನು ಉರಿಯುವ ಗಂಟೆಗಳಿಂದ ಗುಣಿಸಿರಿ.

9 ವ್ಯಾಟಿನ 4 ಎಲ್‌ಇಡಿ ದೀಪ, 5 ಗಂಟೆ: 180
30 ವ್ಯಾಟಿನ ಫ್ಯಾನು, 8 ಗಂಟೆ: 240
40 ವ್ಯಾಟಿನ ಟಿವಿ, 2 ಗಂಟೆ: 80
ಎರಡು ಮೊಬೈಲು: 20
ಒಟ್ಟು ದಿನಕ್ಕೆ 520 ವ್ಯಾಟ್-ಗಂಟೆ, ಅಂದರೆ ಅರ್ಧ ಯೂನಿಟ್ಟಿಗೆ ತುಸು ಹೆಚ್ಚು.

ಪ್ಯಾನೆಲ್

ಬಿಸಿಲು ಕರೆಂಟಾಗಿ ದೀಪ ಸೇರುವ ದಾರಿಯಲ್ಲಿ ಹತ್ತರಲ್ಲಿ ಮೂರು ಪಾಲು ನಷ್ಟವಾಗುತ್ತದೆ. ಆದುದರಿಂದ ಪ್ಯಾನೆಲ್ ದಿನಕ್ಕೆ ಸುಮಾರು 750 ವ್ಯಾಟ್-ಗಂಟೆ ಕೊಡಬೇಕು. ಬೇಸಗೆಯ ಬಿಸಿಲನ್ನು ನಂಬಿ ಲೆಕ್ಕ ಹಾಕಬೇಡಿರಿ. ನಮ್ಮ ಕಡೆ ಅಕ್ಟೋಬರ್, ನವೆಂಬರಿನ ಹಿಂಗಾರು ಮೋಡವೇ ನಿಜವಾದ ಪರೀಕ್ಷೆ. ಆಗ ದಿನಕ್ಕೆ 4 ಗಂಟೆಯ ಪೂರ್ಣ ಬಿಸಿಲೆಂದು ಹಿಡಿದರೆ 190 ವ್ಯಾಟ್ ಬೇಕಾಗುತ್ತದೆ. ಮೋಡ ಸರಿದ ಮೇಲೆ ಖಾಲಿ ಬ್ಯಾಟರಿ ಬೇಗ ತುಂಬಬೇಕಾದ್ದರಿಂದ 250 ವ್ಯಾಟಿನದನ್ನೇ ಹಾಕಿಸುವುದು ಲೇಸು. ದಕ್ಷಿಣಕ್ಕೆ ಮುಖ ಮಾಡಿ, 12ರಿಂದ 15 ಡಿಗ್ರಿ ಓರೆಯಾಗಿಡಿರಿ. ತೆಂಗಿನ ಗರಿಯ ನೆರಳೂ ಬೀಳಬಾರದು.

ಬ್ಯಾಟರಿ

ಬ್ಯಾಟರಿ ಎಂದರೆ ಕರೆಂಟಿನ ಹಗೇವು. ಬಿಸಿಲಿಲ್ಲದ ದಿನವೂ ಸೇರಿ ಎರಡು ದಿನದ ಖರ್ಚಿಗೆ ನಷ್ಟವನ್ನೂ ಕೂಡಿಸಿದರೆ 1200 ಆಗುತ್ತದೆ. ನೀರು ಹಾಕುವ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಆದುದರಿಂದ 2400 ಹಿಡಿಯುವಂಥದು ಬೇಕು. 12 ವೋಲ್ಟಿನಿಂದ ಭಾಗಿಸಿದರೆ 200 ಆಂಪಿಯರ್-ಗಂಟೆ. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಇಷ್ಟಕ್ಕೆ 30 ಆಂಪಿಯರಿನದು ಸಾಕು.

ಎಚ್ಚರಿಕೆ

2011ರಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ಸೋಲಾರ್ ಹಸಿರು ಮನೆ ಯೋಜನೆಯಲ್ಲಿ 300 ಚದರಡಿಯ ಮನೆಗೆ ಐದು ದೀಪಗಳಿದ್ದವು. ದೀಪಕ್ಕೆಂದು ಅಳೆದದ್ದಕ್ಕೆ ಆಮೇಲೆ ಟಿವಿ, ಫ್ಯಾನು ಸೇರಿಸಿದರೆ ಯಾವ ಸೆಟ್ಟೂ ತಾಳದು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್‌ಗಳನ್ನು ಇದರ ಹತ್ತಿರಕ್ಕೂ ತರಬೇಡಿರಿ. ಬಾವಿಯ ಮೋಟಾರಿಗೆ ಬೇರೆ ಸೆಟ್ಟೇ ಬೇಕು.

ಮನೆಯಾಕೆಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ನಿಮ್ಮ ಮನೆಯ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಅಂಗಡಿಗೆ ಹೋಗುವಾಗ ಹಣದ ಜೊತೆ ಆ ಚೀಟಿಯೂ ಜೇಬಿನಲ್ಲಿರಲಿ.